ದೆವ್ವಗಳು ಸೀಸನ್ ಪಾಸ್ ತಗೊಳಲ್ಲ

ನಮ್ಮೂರು ಕುರುಗೋಡು. ದೊಡ್ಡ ಬಸವಣ್ಣನ ಊರು. ಅಲ್ಲಿಂದ ಸಿರುಗುಪ್ಪದ ಕಡೆ ಹೊರಟರೆ ಕಾಲುವೆ ನೀರು, ಭತ್ತದ ಗದ್ದೆ, ರೈಸ್ ಮಿಲ್ಲು. ಆದರೆ ಬೆಂಗಳೂರಿನ ಆಫೀಸಲ್ಲಿ 'ಬಳ್ಳಾರಿ ಕಡೆಯವನು' ಅಂದ ತಕ್ಷಣ, 'ಓ, ರಿಪಬ್ಲಿಕ್! ನಿಮ್ದೆಷ್ಟು ಗಣಿ ಗುರೂ?' ನಮ್ಮ ಹೊಲದಲ್ಲಿ ಸಿಗೋದು ಭತ್ತ, ಅದಿರು ಬೇಕಂದ್ರೆ ಸಂಡೂರಿನ ಗುಡ್ಡಕ್ಕೆ ಹೋಗಬೇಕು ಅಂತ ಹೇಳಿ ಹೇಳಿ ಸಾಕಾಗಿದೆ.

ಅದಕ್ಕೇ ಇರಬೇಕು, ಟೀಮಿನ ಹುಡುಗರು 'ವೀಕೆಂಡಿಗೆ ಕೆಜಿಎಫ್ ಹೋಗೋಣ, ಘೋಸ್ಟ್ ಟೌನ್ ಅಂತೆ, ಡ್ರೋನ್ ಶಾಟ್ ಸಖತ್ತಾಗಿ ಬರುತ್ತೆ' ಅಂದಾಗ ನನಗೆ ಉರಿದುಹೋಯ್ತು.

ಯಾವ ಘೋಸ್ಟ್ ರೀ? 2011ರ ಜನಗಣತಿಯಲ್ಲೇ ಆ ಊರಲ್ಲಿ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಜನ. ಮಾರಿಕುಪ್ಪಂನಿಂದ ಹೊರಡುವ ರೈಲು ದಿನಾ ಬೆಳಗ್ಗೆ ಅವರನ್ನು ಬೆಂಗಳೂರಿನ ಕೆಲಸಗಳಿಗೆ ತಂದು ಸುರಿಯುತ್ತೆ, ರಾತ್ರಿ ವಾಪಸ್ ಒಯ್ಯುತ್ತೆ. ದೆವ್ವಗಳು ಸೀಸನ್ ಪಾಸ್ ತಗೊಳಲ್ಲ.

ಇನ್ನು ಸಿನಿಮಾ. ಕಲ್ಪನೆ ಕಟ್ಟೋದು ಸಿನಿಮಾದವರ ಹಕ್ಕು. ತಪ್ಪು ಅದನ್ನೇ ಇತಿಹಾಸ ಅಂತ ನಂಬೋ ನಮ್ಮದು. ಪರದೆ ಮೇಲೆ ಡಾನ್‌ಗಳು ಗುಲಾಮರನ್ನು ದುಡಿಸ್ತಿದ್ದ ಕಾಲದಲ್ಲಿ ನಿಜವಾದ ಕೋಲಾರದ ಗಣಿ ಸರ್ಕಾರದ ಕೈಯಲ್ಲಿತ್ತು. 1956ರಲ್ಲೇ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತ್ತು. ಅಲ್ಲಿದ್ದವರು ಯಾರೋ ಹೀರೋಗೆ ಕಾಯ್ತಾ ಕೂತ ಮೂಕರಲ್ಲ. ಬ್ರಿಟಿಷ್ ಕಂಪನಿ ಇದ್ದಾಗಲೇ, 1930ರಲ್ಲಿ, ಮುಷ್ಕರ ಹೂಡಿದ ಕಾರ್ಮಿಕರು. ಬಹುಪಾಲು ದಲಿತರು, ತಮಿಳು ಸೀಮೆಯಿಂದ ಬಂದವರು. ಕಲ್ಲಿನ ದೂಳು ಶ್ವಾಸಕೋಶ ತಿಂದದ್ದು ಅವರದ್ದನ್ನೇ.

ಚಿನ್ನ 'ಕಂಡುಹಿಡಿದ' ಕಥೆಯೂ ಹೀಗೇ. ಎಲ್ಲರ ಬಾಯಲ್ಲೂ 1870ರ ದಶಕದ ಲ್ಯಾವೆಲ್ಲೆ. ಆದರೆ 1802ರಲ್ಲೇ ಲೆಫ್ಟಿನೆಂಟ್ ವಾರೆನ್ ಎದುರು ಹಳ್ಳಿಯವರು ಗಾಡಿಯಲ್ಲಿ ಮಣ್ಣು ತಂದು, ತೊಳೆದು, ಚಿನ್ನದ ಪುಡಿ ತೋರಿಸಿದ್ದರು. ಲ್ಯಾವೆಲ್ಲೆ ಹೆಸರಿನ ರೋಡಲ್ಲಿ ನಾವು ಕಾಫಿ ಕುಡಿತೀವಿ. ಮಣ್ಣು ತೊಳೆದವರ ಹೆಸರು ಯಾರಿಗೆ ಗೊತ್ತು?

ಆ ನೆಲದಿಂದ ತೆಗೆದದ್ದು ಸುಮಾರು 800 ಟನ್ ಚಿನ್ನ. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಅಲ್ಲಿಗೆ; ಬೆಂಗಳೂರಿನ ಬೀದಿಗೆ ಬಂದದ್ದು ಮೂರು ವರ್ಷ ತಡವಾಗಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸತ್ತದ್ದು ಗಣಿ. ಊರಿಗೆ ಉಳಿದದ್ದು ಸೈನೈಡ್ ದಿಬ್ಬ, ಗಾಳಿ ಬೀಸಿದಾಗ ಮನೆಯೊಳಗೆ ಬರೋ ಅದರ ಪುಡಿ, ಬಾಕಿ ಹಣಕ್ಕಾಗಿ ಅಲೆದಾಟ.

'ಘೋಸ್ಟ್ ಟೌನ್' ಅನ್ನೋದು ಬರೀ ಟೂರಿಸ್ಟ್ ಮಾತಲ್ಲ, ಕೈ ತೊಳ್ಕೊಳ್ಳೋ ಮಾತು. ಊರೇ ಇಲ್ಲ ಅಂದಮೇಲೆ ಯಾರಿಗೆ ಕೆಲಸ ಕೊಡಬೇಕು, ಯಾವ ದಿಬ್ಬ ಸರಿಮಾಡಬೇಕು?

ನನಗೆ ಇದು ಬೇರೆಯವರ ಊರಿನ ಜಗಳ ಅಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಿದ್ದು ಸರಿ. ಆಮೇಲೆ ಗಣಿ ಧಣಿಗಳ ಕಥೆ ಎಲ್ಲರೂ ಬರೆದರು. ಅದಿರು ಜರಡಿ ಹಿಡಿದ ಕೂಲಿ ಹೆಂಗಸರದ್ದು, ಲೋನ್ ಮೇಲೆ ಲಾರಿ ಕೊಂಡವರದ್ದು ಬರೆದವರು ಕಡಿಮೆ. ನಾಳೆ ಸಂಡೂರಿನ ಅದಿರು ಮುಗಿದಾಗ ಅಲ್ಲಿಗೂ ಡ್ರೋನ್ ಬರುತ್ತೆ.

ಕೆಜಿಎಫ್‌ಗೆ ಹೋಗಿ, ಬೇಡ ಅನ್ನಲ್ಲ. ಕಾರು ಬಿಟ್ಟು ಆ ರೈಲಲ್ಲೇ ಹೋಗಿ. ಪಕ್ಕದಲ್ಲಿ ಕೂತವರನ್ನು 'ನಿಮ್ಮಪ್ಪ ಯಾವ ಶಾಫ್ಟಲ್ಲಿ ಕೆಲಸ ಮಾಡ್ತಿದ್ರು?' ಅಂತ ಕೇಳಿ.