ಬಾಬಿ ಬೈಕಿಗೆ 20 ಸಾವಿರದ ಬೋರ್ಡು!

ಹಳೆ ಬೈಕು ಅಂದರೆ ಏನು ಅಂತ ಮೈಸೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯಾದವಗಿರಿಯ ಜಾವಾ ಕಾರ್ಖಾನೆ 1961ರಲ್ಲಿ ಬಾಗಿಲು ತೆರೆದು 1996ರಲ್ಲಿ ಮುಚ್ಚಿತು. ಆದರೂ ಆ ಜೋಡಿ ಸೈಲೆನ್ಸರಿನ ಸದ್ದು ಊರಿನ ಕಿವಿಯಿಂದ ಹೋಗಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಅಂತ ಗಾಡಿಗಳು ಸಾಲುಗಟ್ಟಿ ಹೊರಟರೆ ಬಸ್ ಸ್ಟಾಪಿನಲ್ಲಿ ನಿಂತವರು ಬಸ್ಸು ಬಂದದ್ದನ್ನೂ ಮರೆತು ನೋಡುತ್ತಾರೆ. ದೊಡ್ಡ ಗಾಡಿಗಳಿಗೆ ದೊಡ್ಡ ಮರ್ಯಾದೆ, ಸರಿ. ಚಿಕ್ಕ ಗಾಡಿಗಳ ಗತಿ ಏನು ಸ್ವಾಮಿ?

1973ರಲ್ಲಿ ರಾಜ್ ಕಪೂರರ ‘ಬಾಬಿ’ ಚಿತ್ರ ಬಂತು. ಅದರಲ್ಲಿ ರಿಷಿ ಕಪೂರ್ ಓಡಿಸಿದ ಗಿಡ್ಡ ಬೈಕು ರಾಜದೂತ್ ಜಿಟಿಎಸ್ 175. ಎಸ್ಕಾರ್ಟ್ಸ್ ಕಂಪನಿಯದು. ಕಂಪನಿ ಇಟ್ಟ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಜನ ‘ಬಾಬಿ ಬೈಕ್’ ಅಂದರು, ಅದೇ ಹೆಸರಾಯಿತು. ಒಳಗಿದ್ದದ್ದು ಹಾಲಿನವರ ಕ್ಯಾನು ಹೊತ್ತ ದೊಡ್ಡ ರಾಜದೂತ್‌ನ ಅದೇ ಟೂ ಸ್ಟ್ರೋಕ್ ಎಂಜಿನ್ನು, ಅದೇ ಮೂರು ಗೇರು. ಕೆಳಗೆ ಮಾತ್ರ ಪುಟಾಣಿ ಚಕ್ರ. ಕಾಲೇಜು ಹುಡುಗರು ಕಣ್ಣು ಬಿಟ್ಟು ನೋಡಿದರು, ಕೊಂಡವರು ಕಮ್ಮಿ. ಹೆಂಡತಿ, ಎರಡು ಮಕ್ಕಳು, ಜತೆಗೊಂದು ಅಕ್ಕಿ ಮೂಟೆ ಹೇರಬೇಕಾದ ಸಂಸಾರಸ್ಥ ಇದನ್ನು ತಗೊಂಡು ಏನು ಮಾಡಬೇಕು?

ಗಿಡ್ಡ ಬೈಕಿನ ಹುಚ್ಚು ನಮ್ಮದೊಬ್ಬರದೇ ಅಲ್ಲ. ಜಪಾನಿನ ಹೋಂಡಾ ಕಂಪನಿ 1961ರಲ್ಲಿ ಟೋಕಿಯೋದ ಹತ್ತಿರದ ಒಂದು ಮನರಂಜನಾ ಪಾರ್ಕಿಗಾಗಿ 5 ಇಂಚಿನ ಚಕ್ರದ ಆಟದ ಬೈಕು ಮಾಡಿತು. ಅದರ ಮೇಲೆ ಮೊಣಕಾಲು ಮಡಚಿ ಕೂತ ದೊಡ್ಡವರು ಕೋತಿ ಹಾಗೆ ಕಂಡರು ಅಂತ ‘ಮಂಕಿ’ ಎಂಬ ಹೆಸರು ಬಿತ್ತು. ಅಮೆರಿಕದವರು ಹುಲ್ಲು ಕತ್ತರಿಸುವ ಮೆಷಿನ್ನಿನ ಎಂಜಿನ್ನಿಗೆ ಕಬ್ಬಿಣದ ಪೈಪು ಬೆಸುಗೆ ಹಾಕಿ ಹಿತ್ತಲಲ್ಲಿ ಓಡಿಸಿದರು. ಅವರಿಗೆ ಅದು ಆಟ. ಇಲ್ಲಿ ಚಿಕ್ಕ ಗಾಡಿ ಹೊಟ್ಟೆಪಾಡಿಗೆ ಬಂದದ್ದು. 1972ರ ಲೂನಾ, 1980ರ ಟಿವಿಎಸ್ 50, ನಮ್ಮ ಮೈಸೂರಿನದೇ ಪುಟ್ಟ ಯೆಜ್ದಿ ಕೋಲ್ಟ್ ನೋಡಿ. ಹೂವಿನವರು, ಪೇಪರ್ ಹಂಚುವವರು, ಚೀಟಿ ಹಣ ವಸೂಲಿಯವರು ಇಂಥವುಗಳ ಮೇಲೆ ಬದುಕು ಸಾಗಿಸಿದರು. ಪೆಟ್ರೋಲ್ ಮುಗಿದರೆ ಲೂನಾವನ್ನು ಸೈಕಲ್ಲಿನಂತೆ ತುಳಿದುಕೊಂಡು ಮನೆ ಸೇರಿದವರು ಎಷ್ಟು ಜನ!

ಈಗ ಮಂಡಿ ಮೊಹಲ್ಲಾ ಕಡೆಯ ಒಂದು ಗಲ್ಲಿಗೆ ಬನ್ನಿ. ಅಲ್ಲೊಬ್ಬ ಮೇಸ್ತ್ರಿ, ವಯಸ್ಸು ಎಪ್ಪತ್ತರ ಹತ್ತಿರ. ಪಾತ್ರೆ ಅಂಗಡಿ ಯಜಮಾನರೊಬ್ಬರು ತಮ್ಮ ತಂದೆ 1975ರಲ್ಲಿ ಕೊಂಡಿದ್ದ ಬಾಬಿಯನ್ನು ಗೋಡೌನಿನಿಂದ ಎಳೆಸಿ ತಂದು ಮೇಸ್ತ್ರಿಯ ಮುಂದೆ ಬಿಟ್ಟರು. ಪಿಸ್ಟನ್ನು ಸಿಲಿಂಡರಿಗೆ ಕಚ್ಚಿ ಕೂತಿತ್ತು. ಮೇಸ್ತ್ರಿ ಪ್ಲಗ್ ಬಿಚ್ಚಿ ಒಳಗೆ ಎಣ್ಣೆ ಬಿಟ್ಟು ನಾಲ್ಕು ದಿನ ಮುಟ್ಟಲಿಲ್ಲ. ಐದನೇ ದಿನ ಮೆಲ್ಲಗೆ ಕಿಕ್ಕರ್ ಒತ್ತಿದರು, ಅಲುಗಿತು. ಆಮೇಲೆ ಬೋರ್ ಹೊಡೆಸಿ, ಹೊಸ ರಿಂಗು ಹಾಕಿ, ಸೈಲೆನ್ಸರಿನ ಕರಿ ಕೆರೆದು, ಪಾಯಿಂಟು ಉಜ್ಜಿ ಕಿಡಿ ಬರಿಸಿದರು. ಎಂಜಿನ್ನಿನ ಸಾಮಾನಿಗೆ ತೊಂದರೆ ಬರಲಿಲ್ಲ, ದೊಡ್ಡ ರಾಜದೂತ್‌ನದೇ ಹೊಂದುತ್ತದೆ. ತೊಂದರೆ ಬಂದದ್ದು ಟ್ಯಾಂಕು, ಸೀಟು, ಮಡ್‌ಗಾರ್ಡಿಗೆ. ಟ್ಯಾಂಕಿನ ತಳ ತುಕ್ಕು ತಿಂದು ಜರಡಿಯಾಗಿತ್ತು. ಟಿಂಕರಿಂಗ್‌ನವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ವಾರ ತೇಪೆ ಕೆಲಸ. ಈ ಕೆಲಸ ಕಲಿಯಲು ಹುಡುಗರು ಬರುತ್ತಿಲ್ಲ. ಬಂದವರೂ ಆರು ತಿಂಗಳಿಗೆ ಶೋರೂಮಿನ ಸಂಬಳಕ್ಕೆ ಹೊರಡುತ್ತಾರೆ. ಹೋದವರನ್ನು ಬೈಯುವುದಕ್ಕೂ ಆಗದು, ಅವರಿಗೂ ಮನೆ ಬಾಡಿಗೆ ಇದೆ.

ಗಾಡಿ ಓಡಿತು. ಈಗ ಕಾಗದ! ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ನು ಹೆಚ್ಚು ಬದಲಾಗದೆ ಮೂಲದಂತೆ ಇರಬೇಕು. ಹಳೆ ನಂಬರ್ ಉಳಿಸಿಕೊಳ್ಳಬಹುದು. ಇಲ್ಲಿಯವರೆಗೆ ಒಳ್ಳೆಯ ಮಾತೇ. ನೋಂದಣಿ ಶುಲ್ಕ 20,000 ರೂಪಾಯಿ. 10 ವರ್ಷ ಕಳೆದ ಮೇಲೆ ಮರುನೋಂದಣಿಗೆ 5,000. ಅಷ್ಟು ಕಟ್ಟಿದ ಮೇಲೂ ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ, ಇಷ್ಟಕ್ಕೇ ರಸ್ತೆಗಿಳಿಯಬೇಕು.

“ಏನ್ ಸಾಹುಕಾರ್ರೇ, ರಿಪೇರಿ ಖರ್ಚಿಗಿಂತ ಬೋರ್ಡಿನ ಖರ್ಚೇ ಜಾಸ್ತಿ ಆಯ್ತಲ್ಲ!” ಅಂದರಂತೆ ಮೇಸ್ತ್ರಿ.

ಅರಮನೆಯಂಥ ಮನೆಯ ಶೆಡ್ಡಿನಲ್ಲಿ ನಿಂತ ರೋಲ್ಸ್ ರಾಯ್ಸ್ ಕಾರಿಗೂ 20 ಸಾವಿರ, 50 ಸಿಸಿಯ ಲೂನಾಗೂ 20 ಸಾವಿರ. ಇದ್ಯಾವ ಲೆಕ್ಕ? ರಸ್ತೆ ತೆರಿಗೆಗೆ ಕಾರು ಬೇರೆ, ಬೈಕು ಬೇರೆ. ಇನ್ಶೂರೆನ್ಸಿನಲ್ಲೂ ಸಿಸಿ ನೋಡುತ್ತಾರೆ. ಟೋಲ್ ಗೇಟಿನವನಿಗೂ ತಿಳಿದಿರುವ ಈ ವ್ಯತ್ಯಾಸ ನಿಯಮ ಬರೆದವರಿಗೆ ತಿಳಿಯದೆ ಹೋಯಿತೇ? ದಿನನಿತ್ಯ ಓಡಿಸಬೇಡಿ ಎಂಬುದು ಇನ್ನೊಂದು ವಿಚಿತ್ರ. ಟೂ ಸ್ಟ್ರೋಕ್ ಗಾಡಿ ನಿಂತರೆ ಸಾಯುತ್ತದೆ. ಆಯಿಲ್ ಸೀಲು ಒಣಗುತ್ತದೆ, ಟ್ಯಾಂಕು ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆಯಾದರೂ ಮಾರ್ಕೆಟ್ಟಿಗೆ ಹೋಗಿ ಬರಲು ಬಿಡದ ನಿಯಮ ಹಳೆ ಗಾಡಿಯನ್ನು ಉಳಿಸುವ ನಿಯಮ ಹೇಗಾದೀತು?

50 ತುಂಬದ ಗಾಡಿಗಳ ಪಾಡು ಇನ್ನೂ ಕಷ್ಟ. 1980ರ ಟಿವಿಎಸ್ 50ಗೆ ವಿಂಟೇಜ್ ಪಟ್ಟ ಬೇಕಿದ್ದರೆ 2030ರವರೆಗೆ ಕಾಯಬೇಕು. ಅಲ್ಲಿಯವರೆಗೆ ಸಾಮಾನ್ಯ ನವೀಕರಣ. 300 ರೂಪಾಯಿ ಇದ್ದ ದ್ವಿಚಕ್ರದ ಶುಲ್ಕ 2022ರಲ್ಲಿ 1,000 ಆಯಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ 2,000 ಮಾಡಿದರು. ಹಸಿರು ತೆರಿಗೆ ಬೇರೆ. ಹೊಗೆ ಉಗುಳುವ ಗಾಡಿಗೆ ಇನ್ನೇನು ಸನ್ಮಾನ ಮಾಡಬೇಕಾ ಅಂತ ಕೇಳುವವರಿದ್ದಾರೆ. ಕೇಳಲಿ, ಹೊಗೆ ಇರುವುದು ನಿಜ. ಆದರೆ ಭಾನುವಾರ ನಾಲ್ಕು ಮೈಲಿ ಓಡುವ ನಾಲ್ಕಾರು ಬಾಬಿಗಳಿಂದ ಊರಿನ ಗಾಳಿ ಕೆಡುವುದಿಲ್ಲ. ದಿನವಿಡೀ ಕರಿ ಹೊಗೆ ಬಿಡುವ ಲಾರಿಗಳ ಹಿಂದೆ ಒಂದು ದಿನ ಬಸ್ಸಿನಲ್ಲಿ ಕೂತು ಬಂದರೆ ಲೆಕ್ಕ ಗೊತ್ತಾಗುತ್ತದೆ.

ಇದರ ಮೇಲೆ ಎಥನಾಲ್ ಪೆಟ್ರೋಲಿನ ಕಾಟ. ಬಂಕಿನಲ್ಲಿ ಈಗ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲು. ಅದು ತೇವ ಎಳೆದುಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪು, ವಾಷರ್‌ಗಳನ್ನು ಊದಿಸಿ ಮೆತ್ತಗೆ ಮಾಡುತ್ತದೆ. ಅದಕ್ಕೇ ಮೇಸ್ತ್ರಿಯ ಗಲ್ಲಿಯಲ್ಲಿ ಒಂದು ಕಟ್ಟುನಿಟ್ಟು ಇದೆ: ಗಾಡಿ ನಿಲ್ಲಿಸುವ ಮುಂಚೆ ಪೆಟ್ರೋಲಿನ ನಲ್ಲಿ ತಿರುಗಿಸಿ, ಕಾರ್ಬೊರೇಟರ್ ಖಾಲಿಯಾಗಿ ತಾನೇ ಆರುವವರೆಗೆ ಓಡಿಸಬೇಕು. ಮರೆತವರಿಗೆ ಬೈಗುಳ.

ಗಿಡ್ಡ ಬೈಕಿನ ಹೆಸರಲ್ಲಿ ನಡೆಯುವ ಹುಚ್ಚಾಟಕ್ಕೆ ಮಾತ್ರ ಯಾರೂ ಜೈ ಅನ್ನಬಾರದು. ನೀರೆತ್ತುವ ಪಂಪಿನ ಎಂಜಿನ್ನಿಗೆ ಪೈಪು ಬೆಸೆದು, ನಂಬರೂ ಇಲ್ಲದೆ, ಸರಿಯಾದ ಬ್ರೇಕೂ ಇಲ್ಲದೆ ಹೈಸ್ಕೂಲ್ ಹುಡುಗನ ಕೈಗೆ ಕೊಡುವ ಅಪ್ಪಂದಿರು ತಿಳಿದಿರಲಿ. 2019ರ ತಿದ್ದುಪಡಿಯಂತೆ ಅಪ್ರಾಪ್ತ ಮಗ ರಸ್ತೆಯಲ್ಲಿ ಸಿಕ್ಕಿಬಿದ್ದರೆ ಅಪ್ಪನಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಮಾಡಿದ ಕೈಚಳಕವನ್ನು ಸ್ವಂತ ಹೊಲದಲ್ಲಿ ತೋರಿಸಲಿ.

ಅಂಗಡಿಯವರು ಒಮ್ಮೆ ಗೋಡೌನಿನ ಹಿಂಭಾಗ ನೋಡಬೇಕು. ಗೋಣಿಚೀಲದ ಕೆಳಗೆ ಲೂನಾವೋ ಕೋಲ್ಟೋ ಮಲಗಿದ್ದರೆ ಗುಜರಿಯವನಿಗೆ ತೂಕಕ್ಕೆ ಕೊಡುವ ಮುಂಚೆ ಆರ್‌ಸಿ ಪುಸ್ತಕ ಹುಡುಕಿ. ಹಳೆ ಆರ್‌ಸಿ ಇಲ್ಲದೆ ವಿಂಟೇಜ್ ಅರ್ಜಿ ಹಾಕುವಂತಿಲ್ಲ. ಗಾಡಿಗಿಂತ ಆ ಗೆದ್ದಲು ತಿಂದ ಪುಸ್ತಕಕ್ಕೇ ಈಗ ಬೆಲೆ.

ನಿಯಮ ದಿಲ್ಲಿಯದು, ನಿಜ. ಶುಲ್ಕವನ್ನು ಸಿಸಿ ನೋಡಿ ಇಳಿಸಿ, ಭಾನುವಾರ ಊರೊಳಗೆ ಓಡಿಸಲು ಬಿಡಿ ಎಂದು ದಿಲ್ಲಿಗೆ ಬರೆಯಲು ರಾಜ್ಯದ ಸಾರಿಗೆ ಇಲಾಖೆಗೆ ಏನು ಅಡ್ಡಿ? ದಸರಾ ಸಮಯದಲ್ಲಿ ಒಂದು ದಿನ ಇಲ್ಲೇ ಶಿಬಿರ ಹಾಕಿ ಚಿಕ್ಕ ಗಾಡಿಗಳ ತಪಾಸಣೆ ಮಾಡಿದರೆ ಬೊಕ್ಕಸಕ್ಕೇನು ನಷ್ಟ?

ಸದ್ಯಕ್ಕೆ ಪಾತ್ರೆ ಅಂಗಡಿಯವರ ಬಾಬಿ ಆ ಗಲ್ಲಿಯೊಳಗೇ ಇದೆ. ಸಂಜೆ ಮೇಸ್ತ್ರಿ ಒಂದು ಕಿಕ್ ಹೊಡೆದು ಮೇನ್ ರೋಡಿನ ಮೂಲೆ ತನಕ ಬರುತ್ತಾರೆ. ಅತ್ತಿತ್ತ ನೋಡಿ, ವಾಪಸು ತಿರುಗಿಸುತ್ತಾರೆ.