ದಿಲ್ಲಿಗೆ ಅಸಲಿ ಗಾಡಿ, ಗುತ್ತೂರಿಗೆ ಥರ್ಮೋಕೋಲ್ ರಾಕೆಟ್ಟು!

ಆಗಸ್ಟ್ ಹದಿನೈದು, ನವೆಂಬರ್ ಒಂದು ಬಂತೆಂದರೆ ನಮ್ಮ ಕಡೆ ರಾಕೆಟ್ಟುಗಳಿಗೇನೂ ಬರವಿಲ್ಲ. ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಥರ್ಮೋಕೋಲ್ ರಾಕೆಟ್ಟು, ಬುಡಕ್ಕೆ ಕೆಂಪು ಬೇಗಡೆಯ ಬೆಂಕಿ, ಪಕ್ಕದಲ್ಲಿ ಬಿಳಿ ಬಟ್ಟೆ ತೊಟ್ಟು ಬೆವರುವ ಪುಟ್ಟ ಗಗನಯಾತ್ರಿ. ಮೆರವಣಿಗೆ ಮುಗಿಯುವ ಹೊತ್ತಿಗೆ ರಾಕೆಟ್ಟಿನ ಮೂತಿ ಮುರಿದಿರುತ್ತದೆ. ಮೇಷ್ಟ್ರ ಶ್ರಮಕ್ಕೆ, ಮಕ್ಕಳ ಉತ್ಸಾಹಕ್ಕೆ ನಮ್ಮದೇನೂ ತಕರಾರಿಲ್ಲ. ನಮ್ಮ ಪ್ರಶ್ನೆಯೇ ಬೇರೆ. ನಿಜವಾಗಿ ಆಕಾಶಕ್ಕೆ ಹೋಗಿ ಬಂದ ನೌಕೆಯೊಂದನ್ನು ಗುತ್ತೂರಿನ ಹುಡುಗ, ಹರಿಹರದ ಹುಡುಗಿ ಕಣ್ಣಾರೆ ನೋಡೋದು ಯಾವಾಗ?

ಅಂಥದ್ದು ನಮ್ಮ ದೇಶದಲ್ಲಿ ಇಲ್ಲವೇ ಎಂದರೆ, ಇದೆ ಸ್ವಾಮಿ. 1984ರ ಏಪ್ರಿಲ್ 3ರಂದು ರಾಕೇಶ್ ಶರ್ಮ ಸೋಯುಜ್ ಟಿ-11ರಲ್ಲಿ ಏರಿ ಹೋದರು. ಏಪ್ರಿಲ್ 11ರಂದು ಇಳಿದು ಬಂದದ್ದು ಬೇರೆ ಗಾಡಿಯಲ್ಲಿ. ಅದಕ್ಕೂ ಮೊದಲು ಇನ್ನೊಂದು ತಂಡವನ್ನು ಹೊತ್ತೊಯ್ದು ಸಾಲ್ಯೂಟ್-7 ನಿಲ್ದಾಣದಲ್ಲಿ ನಿಂತಿದ್ದ ಸೋಯುಜ್ ಟಿ-10ರಲ್ಲಿ. ಆ ಟಿ-10 ಮುಂದೆ ದಿಲ್ಲಿಯ ನೆಹರೂ ತಾರಾಲಯ ಸೇರಿತು. ಎರಡು ಮೀಟರ್ ಚಿಲ್ಲರೆ ಅಗಲದ ಗಂಟೆಯಾಕಾರದ ಗೂಡು. ಮೂವರು ಮೊಣಕಾಲು ಮಡಚಿಕೊಂಡು ಕೂರುವಷ್ಟೇ ಜಾಗ.

ಮಾದರಿಗೂ ಅಸಲಿಗೂ ಏನು ವ್ಯತ್ಯಾಸ ಅಂತೀರಾ? ಮಾದರಿಗೆ ಬಣ್ಣ ಬಳಿದಿರುತ್ತಾರೆ. ಅಸಲಿ ಸುಟ್ಟಿರುತ್ತದೆ. ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ವಾತಾವರಣಕ್ಕೆ ನುಗ್ಗುವಾಗ ಎದುರಿನ ಗಾಳಿ ಒತ್ತಿಹೋಗಿ ಕೆಂಡವಾಗುತ್ತದೆ. ಕವಚ ತಾನು ಉರಿದು ಸವೆದು, ಒಳಗಿನವರನ್ನು ಉಳಿಸುತ್ತದೆ. ಮಂಡಕ್ಕಿ ಭಟ್ಟಿಯ ಮುಂದೆ ಜೀವ ತೇಯುವ ದಾವಣಗೆರೆ ಜನಕ್ಕೆ, ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ದ ಹರಿಹರದ ಜನಕ್ಕೆ ಬೆಂಕಿಯ ಬಗ್ಗೆ ಯಾರೂ ಭಾಷಣ ಬಿಗಿಯಬೇಕಿಲ್ಲ. ಆ ಸುಟ್ಟ ಮೈ ಒಂದು ಸಲ ನೋಡಿದರೆ ಸಾಕು, ಅರ್ಥವಾಗುತ್ತದೆ.

ಬೆಂಗಳೂರಿಗೆ ಟೂರ್ ಹೋಗ್ತಾವಲ್ಲ, ಅಲ್ಲೇ ನೋಡಿಕೊಳ್ಳಲಿ ಎನ್ನುವವರಿದ್ದಾರೆ. ಹೋಗ್ತಾವೆ, ಸರಿ. ರಾತ್ರಿಯೆಲ್ಲ ಬಸ್ಸಿನಲ್ಲಿ ತೂಕಡಿಸಿ, ಬೆಳಿಗ್ಗೆ ಲಾಲ್‌ಬಾಗು, ಆಮೇಲೆ ವಿಧಾನಸೌಧದ ಮುಂದೆ ಫೋಟೋ, ನಡುವೆ ಒಂದು ಗಂಟೆ ವಿಶ್ವೇಶ್ವರಯ್ಯ ಮ್ಯೂಸಿಯಂ. 1962ರಲ್ಲಿ ನೆಹರೂ ಉದ್ಘಾಟಿಸಿದ ಈ ಮ್ಯೂಸಿಯಂ ಒಳ್ಳೆಯದೇ. ಆದರೆ ಬಾಹ್ಯಾಕಾಶದ ವಿಚಾರದಲ್ಲಿ ಅಲ್ಲೂ ಬಹುಪಾಲು ಮಾದರಿಗಳೇ. ತಪ್ಪು ಅವರದಲ್ಲ. ನಾವು ಮೇಲೆ ಕಳಿಸಿದ್ದು ವಾಪಸ್ ಬರುವಂಥದ್ದಲ್ಲ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಯು.ಆರ್. ರಾವ್ ಅವರ ತಂಡ ಕಟ್ಟಿದ ಆರ್ಯಭಟ 1975ರಲ್ಲಿ ಏರಿತು, 1992ರಲ್ಲಿ ವಾತಾವರಣ ಹೊಕ್ಕು ಸುಟ್ಟುಹೋಯಿತು. 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ವಿಕ್ರಮ್ ಅಲ್ಲೇ ಉಳಿದಿದೆ.

ಆದರೆ ಹೋಗಿ ಬಂದವೂ ಉಂಟು. ಅದನ್ನೇ ನಮ್ಮ ಪುಢಾರಿಗಳು ಗಮನಿಸಬೇಕು. 2007ರ ಜನವರಿಯಲ್ಲಿ ಇಸ್ರೋದ ಎಸ್‌ಆರ್‌ಇ-1 ಎಂಬ 550 ಕೆ.ಜಿ. ತೂಕದ ಕೋಶ ಹನ್ನೆರಡು ದಿನ ಭೂಮಿ ಸುತ್ತಿ, 22ರಂದು ಬಂಗಾಳ ಕೊಲ್ಲಿಗೆ ಬಿತ್ತು. ಅದನ್ನು ಎತ್ತಿ ತಂದರು. 2014ರ ಡಿಸೆಂಬರ್ 18ರಂದು ಮನುಷ್ಯರನ್ನು ಕಳಿಸುವ ಪೂರ್ವಸಿದ್ಧತೆಗೆಂದು ಹಾರಿಸಿದ ‘ಕೇರ್’ ಕೋಶ 126 ಕಿ.ಮೀ. ಎತ್ತರಕ್ಕೆ ಹೋಗಿ ಅಂಡಮಾನ್ ಬಳಿ ಸಮುದ್ರಕ್ಕಿಳಿಯಿತು. ಹತ್ತಡಿ ಅಗಲ, ಮೂರೂವರೆ ಟನ್ನಿಗೂ ಮಿಕ್ಕಿದ ತೂಕ. ಗಗನಯಾನದ ಕೆಲಸ ಮುಂದುವರಿದಂತೆ ಇಂಥವು ಇನ್ನೂ ಬರುತ್ತವೆ. ವಿಜ್ಞಾನಿಗಳ ತಪಾಸಣೆ ಮುಗಿದ ಮೇಲೆ ಅವನ್ನು ಊರೂರಿಗೆ ಕಳಿಸಲು ಅಡ್ಡಿ ಏನು?

ಭಾರ, ಅಗಲ, ಅಪಾಯ ಅಂತ ರಾಗ ತೆಗೆಯಬೇಡಿ. ಗಾಳಿಯಂತ್ರದ ಭಾರಿ ರೆಕ್ಕೆಗಳನ್ನು ಹೊತ್ತ ಟ್ರೇಲರ್‌ಗಳು ನಮ್ಮ ಹೆದ್ದಾರಿಯಲ್ಲಿ ಓಡಾಡುವುದನ್ನು ದಿನಾ ನೋಡುವವರು ನಾವು. ಚಂದ್ರನಿಂದ ಆರ್ಮ್‌ಸ್ಟ್ರಾಂಗ್ ಸಂಗಡಿಗರನ್ನು ಕರೆತಂದ ಕೊಲಂಬಿಯಾ ನೌಕೆಯನ್ನೇ ಅಮೆರಿಕದವರು 1970-71ರಲ್ಲಿ ಲಾರಿಯ ಮೇಲೇರಿಸಿ ರಾಜ್ಯದಿಂದ ರಾಜ್ಯಕ್ಕೆ ಮೆರೆಸಿದರು. ಜಾನ್ ಗ್ಲೆನ್ ಕೂತಿದ್ದ ಫ್ರೆಂಡ್‌ಶಿಪ್-7ನ್ನು 1962ರಲ್ಲೇ ದೇಶ ದೇಶಗಳಿಗೆ ಒಯ್ದು ತೋರಿಸಿದರು. ಮೂರು ಸುತ್ತು ಆಕಾಶದಲ್ಲಿ ಹಾಕಿತ್ತು. ಇದು ಅದರ ನಾಲ್ಕನೆಯ ಸುತ್ತು ಎಂದು ಜನ ತಮಾಷೆ ಮಾಡಿದರಂತೆ. ಜನ ಬರ್ತಾರಾ ಅನ್ನುವ ಅನುಮಾನವಂತೂ ಬೇಡ. ದುಗ್ಗಮ್ಮನ ಜಾತ್ರೆಗೆ ಸೇರುವ ಜನವನ್ನು ಕಂಡವರು ಈ ಪ್ರಶ್ನೆ ಕೇಳಲಾರರು.

ಇದು ಬರೀ ತಮಾಷೆ ನೋಡುವ ಮಾತಲ್ಲ. ಹರಿಹರ ಯಂತ್ರ ಕಾಣದ ಊರಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನ ಲೇಥುಗಳು ದೇಶದ ಉದ್ದಗಲಕ್ಕೂ ಹೋದವು. ಆ ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ದಾಟಿತು. ಸೈರನ್ ಕೇಳಿ ಕೆಲಸಕ್ಕೆ ಹೊರಡುತ್ತಿದ್ದವರ ಮೊಮ್ಮಕ್ಕಳು ಇಂದು ಐಟಿಐ, ಡಿಪ್ಲೊಮಾ ಓದುತ್ತಿದ್ದಾರೆ. ಅವರಿಗೆ ನೌಕೆ ಅಂದರೆ ಮೊಬೈಲಿನಲ್ಲಿ ಮಿಂಚಿ ಹೋಗುವ ಚಿತ್ರ. ಅಸಲಿಯ ಮುಂದೆ ನಿಂತರೆ ಬೋಲ್ಟು ಕಾಣುತ್ತದೆ, ಬೆಸುಗೆ ಕಾಣುತ್ತದೆ, ಗೀರು ಕಾಣುತ್ತದೆ. ‘ಇದು ದೇವಲೋಕದ್ದಲ್ಲ ಕಣೋ, ಮನುಷ್ಯರ ಕೈಯಲ್ಲಿ ಆದದ್ದು. ನಮ್ಮಜ್ಜನೂ ಇಂಥ ಕೆಲಸ ಮಾಡ್ತಿದ್ದ’ ಅನ್ನಿಸುತ್ತದೆ. ಅಷ್ಟು ಧೈರ್ಯ ಒಂದು ಹುಡುಗನಿಗೆ ಬಂದರೆ ಲಾರಿ ಬಾಡಿಗೆ ಬಡ್ಡಿ ಸಮೇತ ವಸೂಲಾದಂತೆ.

ಆದ್ದರಿಂದ ಸಂಸದರು, ಶಾಸಕರು, ಜಿಲ್ಲಾಧಿಕಾರಿಗಳು, ಡಿಡಿಪಿಐ ಸಾಹೇಬರು ಒಟ್ಟಾಗಿ ಇಸ್ರೋಗೆ ಒಂದು ಪತ್ರ ಬರೆಯಲಿ. ಹೋಗಿ ಬಂದ ಕೋಶ ಒಂದನ್ನು ಹದಿನೈದು ದಿನದ ಮಟ್ಟಿಗೆ ಕೇಳಲಿ. ಒಂದು ವಾರ ದಾವಣಗೆರೆಯ ಗಾಜಿನ ಮನೆ, ಇನ್ನೊಂದು ವಾರ ಹರಿಹರ. ಫಲಕಗಳು ಕನ್ನಡದಲ್ಲಿರಲಿ. ಪಕ್ಕದಲ್ಲಿ ಒಂದು ಹಳೆಯ ಕಿರ್ಲೋಸ್ಕರ್ ಲೇಥನ್ನೂ ಒರೆಸಿ ನಿಲ್ಲಿಸಲಿ. ಅದು ಬರುವತನಕ, ವಿಶ್ವೇಶ್ವರಯ್ಯ ಮ್ಯೂಸಿಯಂನವರ ಸಂಚಾರಿ ವಿಜ್ಞಾನ ಬಸ್ಸನ್ನಾದರೂ ಕರೆಸಿ, ಜಿಲ್ಲಾ ಕೇಂದ್ರದಲ್ಲೇ ನಿಲ್ಲಿಸದೆ ಗುತ್ತೂರಿನ ಶಾಲೆಯ ಬಾಗಿಲಿಗೆ ತರಲಿ.

ಒಂದೇ ಒಂದು ವಿನಂತಿ: ಉದ್ಘಾಟನೆಯ ದಿನ ನೌಕೆಗೆ ಅಡ್ಡ ನಿಂತು ಫೋಟೋ ತೆಗೆಸಿಕೊಳ್ಳಬೇಡಿ. ಮಕ್ಕಳಿಗೆ ಕಾಣಬೇಕಲ್ಲ!