ಬೆಂಕಿರೋಗ ತಡೆಯುವ ಕೆಂಪು ಭತ್ತ ಏಕೆ ಬೇಕು: ಬೇಡವೆನ್ನುವವರಿಗೆ ಒಂದು ಉತ್ತರ

ಶಿಕಾರಿಪುರ, ಸೊರಬದ ಕೆಂಪು ಭತ್ತಕ್ಕೆ ಬೆಂಕಿರೋಗ ತಡೆಯುವ ಹೊಸ ತಳಿ ಬೇಕು, ಅದನ್ನು ಇಲ್ಲಿಯೇ ಬೆಳೆಸಿ ಇಲ್ಲಿಯೇ ಪರೀಕ್ಷಿಸಬೇಕು ಎಂದು ಹೇಳಿದಾಗಲೆಲ್ಲ ಎದುರು ಮಾತು ಬರುತ್ತದೆ. ಅದು ಗದ್ದೆಯ ಗಂಧವಿಲ್ಲದವರ ಮಾತಲ್ಲ. ನಾಟಿ ಬೀಜವನ್ನು ತಲೆಮಾರಿನಿಂದ ಕಾಪಾಡಿಕೊಂಡು ಬಂದವರು, ಭತ್ತ ಬೆಳೆದು ಕೈ ಸುಟ್ಟುಕೊಂಡವರು, ಮಿಲ್ಲಿನ ವ್ಯಾಪಾರ ಬಲ್ಲವರು ಆಡುವ ಮಾತು. ಹಾಗಾಗಿ ಒಂದೊಂದಕ್ಕೂ ಉತ್ತರ ಕೊಡಬೇಕಾದದ್ದು ಸರಿ.

ಮೊದಲು ವಸ್ತುಸ್ಥಿತಿ. ಹಾನಗಲ್ಲಿನಿಂದ ಶಿಕಾರಿಪುರ, ಸೊರಬ, ಸಾಗರ ದಾಟಿ ತೀರ್ಥಹಳ್ಳಿಯವರೆಗಿನ ಸೀಮೆ ಕೆಂಪಕ್ಕಿಗೆ ಹೆಸರಾದದ್ದು. ಇಲ್ಲಿ ಬಹುಪಾಲು ಬಿತ್ತುವುದು ಜ್ಯೋತಿ. ಕೇರಳದ ಪಟ್ಟಾಂಬಿ ಕೇಂದ್ರದಲ್ಲಿ ಪಿಟಿಬಿ-10 ಮತ್ತು ಐಆರ್-8 ಕೂಡಿಸಿ ತೆಗೆದು, 1974ರಲ್ಲಿ ರೈತರಿಗೆ ಕೊಟ್ಟ ತಳಿ ಅದು. ನಮ್ಮವರು ಅದನ್ನು ಮನೆಮಗಳಂತೆ ಬರಮಾಡಿಕೊಂಡರು, ಮಿಲ್ಲುಗಳು ಒಪ್ಪಿದವು. ಆದರೆ ಇವತ್ತು ಜ್ಯೋತಿ ಬೆಂಕಿರೋಗಕ್ಕೆ ಸುಲಭದ ತುತ್ತು. ಅದಕ್ಕೇ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ತಳಿ ವಿಜ್ಞಾನಿಗಳು ಜ್ಯೋತಿಯನ್ನು ರೋಗ ತಡೆಯುವ ಗುಣವಿರುವ ಅಕ್ಕಲು ಭತ್ತದ ಜೊತೆ ಕೂಡಿಸಿ ಸಹ್ಯಾದ್ರಿ ಮೇಘ ಎಂಬ ತಳಿ ತೆಗೆದರು. ಅದು 2019ರಲ್ಲಿ ಬೆಳಕಿಗೆ ಬಂತು. 120 ದಿನದ ಬೆಳೆ, ಹೆಕ್ಟೇರಿಗೆ 65 ಕ್ವಿಂಟಲ್ ಇಳುವರಿ ಎಂಬುದು ವಿಶ್ವವಿದ್ಯಾಲಯದ ಲೆಕ್ಕ. ಈ ತಳಿಯೊಂದೇ ಎಲ್ಲಕ್ಕೂ ಮದ್ದು ಎಂದು ನಾನು ಹೇಳುತ್ತಿಲ್ಲ. ಈ ದಾರಿ ಸರಿ, ಇದನ್ನು ಬಿಡಬಾರದು ಎಂಬುದೇ ನನ್ನ ವಾದ.

"ಔಷಧಿ ಇದೆಯಲ್ಲ, ಹೊಡೆದರಾಯಿತು" ಎನ್ನುವವರು ಮೊದಲು ಸಿಗುತ್ತಾರೆ. ಟ್ರೈಸೈಕ್ಲಾಜೋಲ್ ಲೀಟರಿಗೆ 0.6 ಗ್ರಾಂ, ಇದು ಎಲ್ಲರಿಗೂ ಬಾಯಿಪಾಠ. ಸರಿಯಾದ ಹೊತ್ತಿಗೆ ಬಿದ್ದರೆ ಕೆಲಸ ಮಾಡುವುದೂ ನಿಜ. ಆ ಸರಿಯಾದ ಹೊತ್ತು ಯಾವುದು ಎಂಬಲ್ಲೇ ತೊಡಕು. ಬೆಂಕಿರೋಗ ಎಲೆಯ ಮೇಲೆ ಬಂದಾಗ ಕಣ್ಣಿನಾಕಾರದ ಚುಕ್ಕೆ ಕಾಣುತ್ತದೆ, ನಡುವೆ ಬೂದಿ ಬಣ್ಣ, ಸುತ್ತ ಕಂದು ಅಂಚು. ಚುಕ್ಕೆಗಳು ಕೂಡಿಕೊಂಡರೆ ಗದ್ದೆ ದೂರಕ್ಕೆ ಸುಟ್ಟಂತೆ ಕಾಣುತ್ತದೆ. ಇಷ್ಟನ್ನು ಬೆಳೆ ಹೇಗೋ ತಡೆದುಕೊಂಡೀತು. ತೆನೆ ಹೊರಬಿದ್ದ ಮೇಲೆ ಕುತ್ತಿಗೆಗೆ ಬಂದರೆ ಮಾತ್ರ ಉಳಿಗಾಲವಿಲ್ಲ. ತೆನೆಯ ಬುಡದ ಗೆಣ್ಣು ಕಪ್ಪಾಗುತ್ತದೆ, ಕಾಳಿಗೆ ಹಾಲು ಏರುವುದಿಲ್ಲ, ತೆನೆ ತಲೆ ಬಾಗದೆ ಬಿಳಿಚಿಕೊಂಡು ನೆಟ್ಟಗೆ ನಿಲ್ಲುತ್ತದೆ. ಅಂಗೈಯಲ್ಲಿ ಹಾಕಿ ಉಜ್ಜಿದರೆ ಬರೀ ಜೊಳ್ಳು. ಆಗ ಯಾವ ಔಷಧಿಯೂ ಕಾಳು ತುಂಬಿಸುವುದಿಲ್ಲ.

ಹಾಗಾದರೆ ಮೊದಲೇ, ಹೊಡೆ ತುಂಬುವಾಗ ಒಂದು ಸಲ, ತೆನೆ ಹೊರಡುವಾಗ ಒಂದು ಸಲ ಹೊಡೆಯಬೇಕು. ನಮ್ಮಲ್ಲಿ ಆ ದಿನಗಳು ಹೇಗಿರುತ್ತವೆ? ಮೋಡ ಮುಸುಕಿರುತ್ತದೆ, ಜಿನುಗು ಬಿಡುವುದಿಲ್ಲ, ರಾತ್ರಿ ಚಳಿ, ಬೆಳಗ್ಗೆ ಬಿಸಿಲೇರಿದರೂ ಎಲೆಯ ಮೇಲಿನ ನೀರು ಆರಿರುವುದಿಲ್ಲ. ಶಿಲೀಂಧ್ರಕ್ಕೆ ಬೇಕಾದದ್ದೂ ಇದೇ: 20 ಡಿಗ್ರಿಯ ಆಸುಪಾಸಿನ ರಾತ್ರಿ, ತಾಸುಗಟ್ಟಲೆ ಒದ್ದೆಯಾಗಿರುವ ಎಲೆ, ಜೊತೆಗೆ ಒಂದಿಷ್ಟು ಹೆಚ್ಚಾದ ಯೂರಿಯಾ. ರೋಗಕ್ಕೆ ಹೇಳಿ ಮಾಡಿಸಿದ ದಿನವೇ ಔಷಧಿ ಹೊಡೆಯಲು ಆಗದ ದಿನ. ಹೊಡೆದದ್ದು ಸಂಜೆಯ ಮಳೆಗೆ ತೊಳೆದು ಹೋದರೆ ಕೂಲಿಯೂ ಹೋಯಿತು, ಔಷಧಿಯೂ ಹೋಯಿತು. ಒಂದೆರಡು ಎಕರೆಯ ರೈತ ಇದನ್ನು ಎಷ್ಟು ವರ್ಷ ತಡೆದುಕೊಳ್ಳಬೇಕು? ಇನ್ನೊಂದು ಮಾತೂ ಇದೆ. ಯುರೋಪಿನ ದೇಶಗಳು ಅಕ್ಕಿಯಲ್ಲಿ ಟ್ರೈಸೈಕ್ಲಾಜೋಲ್ ಅಂಶ ಕಿಲೋಗೆ 0.01 ಮಿಲಿಗ್ರಾಂ ದಾಟಬಾರದೆಂದು 2017ರಲ್ಲಿ ನಿಯಮ ಬಿಗಿ ಮಾಡಿದಾಗ ಉತ್ತರ ಭಾರತದ ಬಾಸ್ಮತಿಯವರು ತತ್ತರಿಸಿದರು. ನಮ್ಮ ಕೆಂಪಕ್ಕಿಯನ್ನು ಆರೋಗ್ಯದ ಅಕ್ಕಿ ಎಂದು ಹೊರಗೆ ಮಾರಲು ಹೊರಟಿರುವವರು ಇದನ್ನು ನೆನಪಿಡಬೇಕು.

ಎರಡನೆಯದು ನಾಟಿ ಭತ್ತದ ಅಭಿಮಾನಿಗಳ ಮಾತು. ಇದಕ್ಕೆ ನಾನು ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಅವರ ಮೇಲೆ ನನಗೆ ಗೌರವವಿದೆ. "ನಮ್ಮ ಹಿರಿಯರು ಬೆಳೆದ ತಳಿಗಳು ರೋಗಕ್ಕೆ ಹೆದರುತ್ತಿರಲಿಲ್ಲ. ಹೊಸದು ಯಾಕೆ? ಹಳೆಯದನ್ನೇ ಬಿತ್ತಿ" ಎನ್ನುತ್ತಾರೆ. ವರದಾ ನದಿಯ ನೆರೆ ಬಂದು ಸೊರಬದ ಬೈಲುಗಳು ದಿನಗಟ್ಟಲೆ ಮುಳುಗಿದರೂ ಕೊಳೆಯದೆ ಎದ್ದು ನಿಲ್ಲುವ ನೆರೆಗೂಳಿಯನ್ನು, ಜಡ್ಡು ಭತ್ತವನ್ನು ಕಂಡವರು ಹೀಗೆ ಹೇಳುವುದು ಸಹಜ. ಆ ಜಾಗದಲ್ಲಿ ಅವುಗಳಿಗೆ ಸಾಟಿಯಿಲ್ಲ, ಅವನ್ನು ಅಲ್ಲಿಂದ ಎಬ್ಬಿಸಬೇಕೆಂದು ಯಾರಾದರೂ ಹೇಳಿದರೆ ನಾನೂ ವಿರೋಧಿಸುತ್ತೇನೆ.

ಆದರೆ ಎಲ್ಲ ಗದ್ದೆಯೂ ವರದಾ ದಂಡೆಯ ಬೈಲಲ್ಲ. ಅಂಜನಾಪುರ ಜಲಾಶಯದ ನೀರು ಹರಿಯುವ ಕಡೆ, ಕೂರಿಗೆಯಲ್ಲಿ ಬಿತ್ತುವ ಕಡೆ ರೈತ ಬೇಗ ಕೊಯ್ಲಿಗೆ ಬರುವ, ಬೀಳದೆ ನಿಲ್ಲುವ, ಮಿಲ್ಲಿನವರು ಕೊಳ್ಳುವ ಭತ್ತವನ್ನೇ ಕೇಳುತ್ತಾನೆ. ಅವನಿಗೆ "ಎತ್ತರದ, ನಿಧಾನದ, ಅರ್ಧ ಇಳುವರಿಯ ಭತ್ತ ಹಾಕು" ಎಂದರೆ ಅವನು ನಾಟಿ ಭತ್ತಕ್ಕೆ ಹೋಗುವುದಿಲ್ಲ, ಭತ್ತವನ್ನೇ ಬಿಟ್ಟು ಮೆಕ್ಕೆಜೋಳಕ್ಕೆ ಹೋಗುತ್ತಾನೆ. ಶಿಕಾರಿಪುರದ ಹೊಲಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಟಿ ತಳಿಗಳೆಲ್ಲವೂ ಬೆಂಕಿರೋಗ ತಡೆಯುತ್ತವೆ ಎಂಬುದೂ ಸರಿಯಲ್ಲ. ಕೆಲವು ತಡೆಯುತ್ತವೆ, ಹಲವು ತಡೆಯುವುದಿಲ್ಲ. ಯಾವುದು ತಡೆಯುತ್ತದೆ ಎಂದು ತಿಳಿಯಲು ಪರೀಕ್ಷೆಗೆ ಒಡ್ಡಲೇಬೇಕು.

ತಳಿ ಅಭಿವೃದ್ಧಿ ನಾಟಿ ಬೀಜದ ಶತ್ರು ಎಂಬ ನಂಬಿಕೆಗೆ ನನ್ನ ಬಲವಾದ ಉತ್ತರ ಐಆರ್-36ರ ಕಥೆ. 1970ರ ಸುಮಾರಿಗೆ ಏಷ್ಯಾದ ಭತ್ತಕ್ಕೆ ಗಿಡ ಗಿಡ್ಡಾಗಿ ಹುಲ್ಲಿನಂತಾಗುವ ನಂಜು ರೋಗ ಬಿತ್ತು. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಆರು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಜಾಲಾಡಿದರು. ರೋಗ ತಡೆದದ್ದು ಉತ್ತರ ಪ್ರದೇಶದಿಂದ ಸಂಗ್ರಹಿಸಿದ ಒಂದು ಕಾಡು ಭತ್ತ ಮಾತ್ರ. ಅದರ ಗುಣವನ್ನು ಗುರುದೇವ್ ಖುಷ್ ಮತ್ತು ಅವರ ಸಂಗಡಿಗರು ಬೆಳೆಸುವ ಭತ್ತಕ್ಕೆ ತಂದರು, ಆ ಐಆರ್-36 ಕೋಟ್ಯಂತರ ಎಕರೆಗೆ ಹಬ್ಬಿತು. ಕಾಡು ಭತ್ತ ಕಾಪಾಡಿದವರಿಲ್ಲದೆ ತಳಿ ತೆಗೆಯುವವನಿಗೆ ದಾರಿಯಿರಲಿಲ್ಲ. ತಳಿ ತೆಗೆಯುವವನಿಲ್ಲದಿದ್ದರೆ ಆ ಗುಣ ರೈತನ ಗದ್ದೆಗೆ ಬರುತ್ತಿರಲಿಲ್ಲ. ನಮ್ಮ ಕಡೆ ಅಕ್ಕಲು ಮಾಡಿದ್ದೂ ಅದೇ. ಬಿತ್ತುವವರು ಕಡಿಮೆಯಾಗುತ್ತಿರುವ ಭತ್ತವೊಂದರ ರೋಗ ತಡೆಯುವ ಗುಣ ಜ್ಯೋತಿಯ ಜೊತೆ ಸೇರಿ ಮತ್ತೆ ಗದ್ದೆಗೆ ಇಳಿಯಿತು. ನಾಟಿ ಬೀಜ ಕಾಪಾಡುವವರು ಇದನ್ನು ತಮ್ಮ ಗೆಲುವೆಂದು ಕಾಣಬೇಕು.

"ಇದು ಹೈಬ್ರಿಡ್, ವರ್ಷ ವರ್ಷ ಬೀಜ ಕೊಳ್ಳಬೇಕು, ಕುಲಾಂತರಿಯೂ ಇರಬಹುದು" ಎಂಬ ಗುಮಾನಿಗೆ ಉದ್ದದ ಉತ್ತರ ಬೇಡ. ಎರಡು ತಳಿ ಕೂಡಿಸಿದ ಮಾತ್ರಕ್ಕೆ ಅಂಗಡಿಯ ಹೈಬ್ರಿಡ್ ಆಗುವುದಿಲ್ಲ. ಕೆಲಸ ನಡೆಯುವ ಬಗೆ ನೋಡಿ. ಭತ್ತದ ಹೂವಿನಲ್ಲಿ ಆರು ಕೇಸರ. ತಾಯಿ ಗಿಡದ ಹೂವು ಅರಳುವ ಮುಂಚೆ ಕಾಳಿನ ಹೊಟ್ಟಿನ ತುದಿಯನ್ನು ಕತ್ತರಿಯಿಂದ ಓರೆಯಾಗಿ ಕತ್ತರಿಸಿ, ಸಣ್ಣ ಚಿಮುಟದಿಂದ ಆ ಆರನ್ನೂ ಹೊರತೆಗೆದು, ತೆನೆಗೆ ಕಾಗದದ ಚೀಲ ತೊಡಿಸುತ್ತಾರೆ. ಮರುದಿನ ಬೆಳಗಿನ ಬಿಸಿಲಿಗೆ ತಂದೆ ಗಿಡದ ಹೂವು ಬಿರಿದಾಗ ಅದರ ಪರಾಗವನ್ನು ಇದರ ಮೇಲೆ ಉದುರಿಸುತ್ತಾರೆ. ಚಿಮುಟ ಕೊಂಚ ಜಾರಿದರೂ ಆ ಹೂವು ಹಾಳು. ಹೀಗೆ ಸಿಕ್ಕ ಬೆರಳೆಣಿಕೆಯ ಕಾಳಿನಿಂದ ಎರಡನೇ ಪೀಳಿಗೆಯಲ್ಲಿ ನೂರಾರು ಬಗೆಯ ಗಿಡ ಹುಟ್ಟುತ್ತವೆ: ಎತ್ತರದ್ದು, ಗಿಡ್ಡದ್ದು, ಕೆಂಪು, ಬಿಳಿ, ರೋಗಕ್ಕೆ ಬೀಳುವುದು, ನಿಲ್ಲುವುದು. ಅವುಗಳಲ್ಲಿ ಆರಿಸುತ್ತ, ಮತ್ತೆ ಬಿತ್ತುತ್ತ, ಪೀಳಿಗೆಯ ಮೇಲೆ ಪೀಳಿಗೆ ಕಳೆದ ಮೇಲೆ ಗುಣ ನೆಲೆನಿಲ್ಲುತ್ತದೆ. ನೆಲೆನಿಂತ ತಳಿಯ ಬೀಜವನ್ನು ರೈತ ತನ್ನ ಕಣದಲ್ಲೇ ಎತ್ತಿಟ್ಟುಕೊಳ್ಳಬಹುದು, ನೆಂಟರಿಗೆ ಕೊಡಬಹುದು, ಬ್ರಾಂಡಿನ ಹೆಸರು ಹಾಕದೆ ಮಾರಲೂಬಹುದು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಈ ಹಕ್ಕನ್ನು ಬರೆದು ಕೊಟ್ಟಿದೆ. ಇದರಲ್ಲಿ ಕುಲಾಂತರಿಯ ಸೋಂಕೂ ಇಲ್ಲ.

ರುಚಿಯ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವವನಲ್ಲ ನಾನು. ಕರಾವಳಿಯವರೂ ಕೇರಳದವರೂ ಕುಚ್ಚಲಕ್ಕಿಗೆ ಜ್ಯೋತಿಯನ್ನೇ ಕೇಳುತ್ತಾರೆ, ಹೆಸರು ಬದಲಾದರೆ ದಲ್ಲಾಳಿ ಕ್ವಿಂಟಲಿಗೆ ರೇಟು ಇಳಿಸುತ್ತಾನೆ ಎಂಬ ಭಯಕ್ಕೆ ಆಧಾರವಿದೆ. ಹಾಗಾಗಿ ಯಾವ ಹೊಸ ತಳಿಯನ್ನೂ ಇಳುವರಿ ಅಳೆದಷ್ಟೇ ಶ್ರದ್ಧೆಯಿಂದ ಬೇಯಿಸಿ ಉಣ್ಣಿಸಿ ನೋಡಬೇಕು, ಮಿಲ್ಲಿನವರನ್ನೂ ಪಂಕ್ತಿಯಲ್ಲಿ ಕೂರಿಸಬೇಕು. ಆದರೆ ರೋಗ ತಡೆಯುವ ತಳಿಗೆ ರುಚಿ ಇರುವುದೇ ಇಲ್ಲ ಎಂಬ ತೀರ್ಮಾನ ತಪ್ಪು. ದ್ರಾಕ್ಷಿಯವರು ಇದೇ ಜಗಳವನ್ನು ಶತಮಾನಕ್ಕೂ ಹೆಚ್ಚು ಕಾಲ ಆಡಿದ್ದಾರೆ. ಅಮೆರಿಕದಿಂದ ಬಂದ ಬೂದಿರೋಗ, ಬೂಜುರೋಗ ಯುರೋಪಿನ ವೈನ್ ದ್ರಾಕ್ಷಿಯನ್ನು ಹಾಳುಗೆಡವಿದಾಗ ಅಮೆರಿಕದ ಕಾಡು ಬಳ್ಳಿಯ ಜೊತೆ ಕೂಡಿಸಿದ ತಳಿಗಳು ಬಂದವು. ವೈನಿಗೆ ಒಗ್ಗದ ವಾಸನೆ ಇತ್ಯಾದಿ ದೂರು ಬಿದ್ದು 1934ರಲ್ಲಿ ಫ್ರಾನ್ಸ್ ಅಂಥ ಆರು ತಳಿಗಳನ್ನು ನಿಷೇಧಿಸಿತು. ತಳಿ ತೆಗೆಯುವವರು ಕೈಚೆಲ್ಲಲಿಲ್ಲ. ಮತ್ತೆ ಮತ್ತೆ ಒಳ್ಳೆಯ ದ್ರಾಕ್ಷಿಯ ಜೊತೆಗೇ ಕೂಡಿಸುತ್ತ ರೋಗ ತಡೆಯುವ ಗುಣ ಉಳಿಸಿ ಕೆಟ್ಟ ವಾಸನೆ ಕಳೆದರು. 2021ರಲ್ಲಿ ಯುರೋಪಿನ ಒಕ್ಕೂಟ ತನ್ನ ಹೆಸರಾಂತ ಪ್ರಾಂತಗಳ ವೈನಿಗೂ ಇಂಥ ತಳಿ ಬಳಸಲು ಬಾಗಿಲು ತೆರೆಯಿತು. ಮೊದಲ ಯತ್ನದ ರುಚಿ ಒಗ್ಗಲಿಲ್ಲ ಎಂಬುದು ಇನ್ನೊಂದು ಯತ್ನಕ್ಕೆ ಕಾರಣವಾಗಬೇಕು.

ನನಗೆ ನಿಜಕ್ಕೂ ತೂಕದ್ದು ಎನಿಸಿದ ಆಕ್ಷೇಪ ಒಂದೇ: "ಇವತ್ತು ತಡೆಯುವ ತಳಿ ನಾಲ್ಕಾರು ವರ್ಷಕ್ಕೆ ಬೀಳುತ್ತದೆ. ಆಮೇಲೆ?" ಬೀಳುತ್ತದೆ, ಹೌದು. ಬೆಂಕಿರೋಗದ ಶಿಲೀಂಧ್ರ ವೇಷ ಬದಲಿಸುವುದರಲ್ಲಿ ನಿಸ್ಸೀಮ. ದಕ್ಷಿಣ ಕೊರಿಯಾ ತೊಂಗಿಲ್ ಎಂಬ ಹೆಚ್ಚಿನ ಇಳುವರಿಯ ಭತ್ತದಿಂದ ಅಕ್ಕಿಯಲ್ಲಿ ಸ್ವಾವಲಂಬಿಯಾಯಿತು. ದೇಶದುದ್ದಕ್ಕೂ ಅದನ್ನೇ ಬಿತ್ತಿದರು, 1978ರ ಹೊತ್ತಿಗೆ ಹೊಸ ರೂಪದ ಬೆಂಕಿರೋಗ ಆ ತಳಿಯ ತಡೆಯನ್ನು ಮುರಿದು ಹಾಕಿತು. ಇದರಿಂದ ಕಲಿಯಬೇಕಾದದ್ದು, ಒಂದೇ ಗುಣದ ಮೇಲೆ, ಒಂದೇ ತಳಿಯ ಮೇಲೆ ಇಡೀ ಸೀಮೆ ಕೂರಬಾರದು ಎಂದು. ತಳಿ ಅಭಿವೃದ್ಧಿಯೇ ಬೇಡ ಎಂದಲ್ಲ.

ಜಪಾನಿನ ನಿಗಾಟ ಪ್ರಾಂತದವರು ಕಲಿತರು. ಅವರ ಕೊಶಿಹಿಕಾರಿ ರುಚಿಗೆ ಹೆಸರಾದ ಅಕ್ಕಿ, ಬೆಂಕಿರೋಗಕ್ಕೆ ಮಾತ್ರ ದುರ್ಬಲ. ಅದನ್ನೇ ಮತ್ತೆ ಮತ್ತೆ ಕೂಡಿಸುತ್ತ, ಬೇರೆಲ್ಲದರಲ್ಲೂ ಕೊಶಿಹಿಕಾರಿಯೇ ಆಗಿದ್ದು ರೋಗ ತಡೆಯುವ ಗುಣದಲ್ಲಿ ಮಾತ್ರ ಬೇರೆಯಾದ ಹಲವು ಸಾಲುಗಳನ್ನು ತೆಗೆದರು. 2005ರಿಂದ ಅವುಗಳ ಬೀಜವನ್ನು ಬೆರೆಸಿ ರೈತರಿಗೆ ಕೊಡುತ್ತಿದ್ದಾರೆ. ಶಿಲೀಂಧ್ರ ಒಂದನ್ನು ಗೆದ್ದರೆ ಪಕ್ಕದ ಗಿಡ ತಡೆಯುತ್ತದೆ. ಚೀನಾದ ಯುನ್ನಾನಿನಲ್ಲಿ ಇನ್ನೂ ಸರಳ ಉಪಾಯ ಮಾಡಿದರು. ರೋಗಕ್ಕೆ ಬೀಳುವ ನಾಟಿ ಅಂಟು ಭತ್ತದ ಸಾಲುಗಳನ್ನು ರೋಗ ತಡೆಯುವ ಭತ್ತದ ನಡುನಡುವೆ ನೆಟ್ಟರು. 2000ದಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅಂಟು ಭತ್ತದ ಬೆಂಕಿರೋಗ ಶೇ 94ರಷ್ಟು ಇಳಿದಿತ್ತು. ನಾಟಿ ಭತ್ತ ಉಳಿಸಬೇಕೆನ್ನುವವರು ಈ ಅಂಕಿಯನ್ನು ಗಮನಿಸಬೇಕು: ರೋಗ ತಡೆಯುವ ತಳಿ ಪಕ್ಕದಲ್ಲಿದ್ದುದರಿಂದಲೇ ಅಲ್ಲಿ ನಾಟಿ ಭತ್ತ ಉಳಿಯಿತು. ಜ್ಯೋತಿಯನ್ನೂ ನಮ್ಮ ನಾಟಿ ಕೆಂಪು ಭತ್ತಗಳನ್ನೂ ಮೇಘದ ಸಾಲುಗಳ ನಡುವೆ ನೆಟ್ಟು ನೋಡಲು ಸೊರಬದಲ್ಲಿ ನಮಗೇನು ಅಡ್ಡಿ?

ಕೊನೆಯದಾಗಿ, "ಭತ್ತವೇ ಹೋಗುತ್ತಿದೆ, ಗದ್ದೆಯೆಲ್ಲ ಅಡಿಕೆ ತೋಟವಾಗುತ್ತಿದೆ, ಇಲ್ಲದ ಬೆಳೆಗೆ ತಳಿ ಏಕೆ" ಎನ್ನುವವರು. ಗದ್ದೆ ಬಿಟ್ಟು ಹೋದವರು ಎಲ್ಲಿಗೆ ಹೋದರು? ಮೆಕ್ಕೆಜೋಳಕ್ಕೆ ಹೋದವರನ್ನು ಫಾಲ್ ಸೈನಿಕ ಹುಳು ಹಿಡಿಯಿತು, 2018ರಲ್ಲಿ ಅದು ದೇಶದಲ್ಲಿ ಮೊದಲು ಕಾಣಿಸಿಕೊಂಡದ್ದೇ ನಮ್ಮ ಶಿವಮೊಗ್ಗದಲ್ಲಿ. ಶುಂಠಿಗೆ ಹೋದವರಿಗೆ ಕೊಳೆ, ಅಡಿಕೆಗೆ ಹೋದವರಿಗೆ ಎಲೆಚುಕ್ಕಿ. ರೋಗದಿಂದ ಓಡಿ ರೋಗಕ್ಕೇ ಸಿಕ್ಕಿದ್ದೇವೆ. ಭತ್ತ ಕೈಬಿಟ್ಟವರಲ್ಲಿ ಎಷ್ಟೋ ಜನ ಬಿಟ್ಟದ್ದು ಜೊಳ್ಳು ತೆನೆ ಕಂಡು ಬೇಸತ್ತು. ಬೆಂಕಿರೋಗಕ್ಕೆ ಹೆದರದ ಕೆಂಪು ಭತ್ತ ಕೈಗೆ ಸಿಕ್ಕರೆ ಎಲ್ಲರೂ ಮರಳುತ್ತಾರೆಂದು ಹೇಳಲಾರೆ, ಇರುವವರಾದರೂ ನಿಲ್ಲುತ್ತಾರೆ. ಮನೆಯ ಊಟಕ್ಕೆ ಅಕ್ಕಿ, ಕೊಟ್ಟಿಗೆಗೆ ಹುಲ್ಲು, ಎರಡನ್ನೂ ಕೊಡುವ ಬೆಳೆ ಅಡಿಕೆಯಲ್ಲ.

ಹಾಗಾಗಿ ನಾನು ಕೇಳುವುದು ಇಷ್ಟು. ರೋಗ ಪರೀಕ್ಷೆಯ ಮಡಿಗಳನ್ನು ಕೊಡಗಿನ ಪೊನ್ನಂಪೇಟೆಯಂಥ ಕೇಂದ್ರಗಳಿಗೆ ಮಾತ್ರ ಬಿಡದೆ ಶಿಕಾರಿಪುರದಲ್ಲೊಂದು, ಸೊರಬದಲ್ಲೊಂದು ಹಾಕಬೇಕು. ಸುತ್ತ ರೋಗ ಹರಡುವ ಭತ್ತದ ಸಾಲು, ನಡುವೆ ಹೊಸ ಸಾಲುಗಳೂ ನಮ್ಮ ನಾಟಿ ತಳಿಗಳೂ. ಇಲ್ಲಿನ ಶಿಲೀಂಧ್ರ ಇಲ್ಲಿಯ ಭತ್ತವನ್ನು ಹೇಗೆ ಹಿಡಿಯುತ್ತದೆ ಎಂಬುದನ್ನು ರೈತರು ಅಂಚಿನ ಮೇಲೆ ನಿಂತು ನೋಡುವಂತಿರಬೇಕು. ಮೇಘದ ಬಿತ್ತನೆ ಬೀಜ ರೈತ ಸಂಪರ್ಕ ಕೇಂದ್ರಗಳಲ್ಲಿ ಮಳೆ ಹಿಡಿಯುವ ಮುಂಚೆ ಸಿಗಬೇಕು, ಕೂರಿಗೆ ಹೊಡೆದು ಮುಗಿದ ಮೇಲಲ್ಲ. ಮೇಘದ ನಂತರದ ತಳಿಗೆ ಬೇಕಾದ ಕೂಡಿಕೆಗಳು ಈಗಲೇ ಶುರುವಾಗಿರಬೇಕು. ಆ ಮಡಿಗೆ ತಮ್ಮ ಮನೆಯ ಹಿಡಿ ನಾಟಿ ಬೀಜ ತಂದು ಕೊಡಿ ಎಂದು ನನ್ನ ವಿರೋಧಿಗಳನ್ನೂ ಕರೆಯುತ್ತೇನೆ.